ಉಪಕಾರ ಆತು, ಶೈಲಾ

ಜುಲೈ 8, ಸೋಮವಾರ, ಬೆಳಿಗ್ಗೆ

ಬಿಪಿ ಮಾತ್ರೆ ನುಂಗಿದೆ. ನಿನ್ನೆಯೂ ನಿದ್ದೆ ಇಲ್ಲ. ಸನತ್‌ನಗರದ ನಮ್ಮ ಫ್ಯಾಕ್ಟರಿಯಲ್ಲಿ ಕೆಲಸ ಕಡಿಮೆಯಾದಾಗಿನಿಂದ ಹೀಗೇ. ಡಾಕ್ಟರಮ್ಮ ಹೊಸ ಔಷಧಿ ಹೇಳಿದ್ದಾರೆ — ಕೃತಜ್ಞತೆ! ದಿನಾ ಒಬ್ಬರಿಗೆ ಬಾಯಿಬಿಟ್ಟು ಥ್ಯಾಂಕ್ಸ್ ಹೇಳಬೇಕಂತೆ. ಮನಸ್ಸು ಹಗುರಾಗುತ್ತದಂತೆ. ಆಗಲಿ, ಖರ್ಚಿಲ್ಲದ ಔಷಧಿ. ಹೆಂಡತಿಯಿಂದಲೇ ಶುರು. ಮದುವೆಯಾದಾಗಿನಿಂದ ರೊಟ್ಟಿ ಬಡಿದು ಹಾಕುತ್ತಿದ್ದಾಳೆ, ಒಂದು ಸಲವೂ ಹೇಳಿಲ್ಲ.

ಸಂಜೆ

ಥ್ಯಾಂಕ್ಸ್ ಅಂದರೆ ಹೋಟೆಲಿನವನಿಗೆ ಹೇಳಿದ ಹಾಗೆ. ಧನ್ಯವಾದ ಅನ್ನಲು ಮೈಕ್ ಬೇಕು. ಕೊನೆಗೆ ನಮ್ಮ ಕಡೆ ಹಿರಿಯರು ಅನ್ನುತ್ತಿದ್ದ ಹಾಗೆ ಅಂದೆ — "ಶೈಲಾ, ನಿನ್ನಿಂದ ಭಾಳ ಉಪಕಾರ ಆತು. ನನ್ನಿಂದ ಏನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋ."

ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು. "ಏನಾಗೇತ್ರಿ ನಿಮಗ?"

"ಏನಿಲ್ಲ. ಸುಮ್ನ ಅಂದೆ."

ಹೆಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಜುಲೈ 10

ಇವತ್ತೂ ಅಂದೆ. ಎದ್ದು ಒಳಗೆ ಹೋದಳು. ಆಮೇಲೆ ನೋಡಿದರೆ ಕಣ್ಣು ಕೆಂಪು. ಹೊಗಳಿದರೆ ಅಳುವವರನ್ನು ಇಲ್ಲೇ ಕಂಡದ್ದು.

ಜುಲೈ 14, ಭಾನುವಾರ

ಚಪ್ಪಲಿ ಇಲ್ಲ. ಶೂ ಕೂಡ ಇಲ್ಲ. ಹುಡುಕಿದರೆ ಬೀರುವಿನಲ್ಲಿ, ಸೀರೆಗಳ ಕೆಳಗೆ!

"ಎಲ್ಲಿಗೆ ಹೊಂಟೀರಿ?"

"ಹಾಲು ತರಾಕ."

"ನಾನೂ ಬರ್ತೀನಿ."

ಅರ್ಧ ಲೀಟರ್ ಹಾಲಿಗೆ ಇಬ್ಬರು. ಅವಳ ತಮ್ಮ ಚನ್ನು ಯಾದಗಿರಿಯಿಂದ ದಿನಾ ಫೋನ್ — "ಮಾಮಾ, ಆರಾಮ ಅದೀರಿಲ್ಲ?" ಹಬ್ಬಕ್ಕೂ ಫೋನ್ ಮಾಡದ ಪುಣ್ಯಾತ್ಮ. ಡಾಕ್ಟರಮ್ಮ ಮಾಡಿಸಿದ ನನ್ನ ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಏನೋ ಇದೆ, ನನಗೆ ಮುಚ್ಚಿಟ್ಟಿದ್ದಾರೆ... ಹೆದರಿಕೆಯಾಗುತ್ತಿದೆ.

ಜುಲೈ 20

ಚನ್ನು ಬೇಗಂಪೇಟೆಯಲ್ಲಿ ರೈಲು ಇಳಿದು ನೇರ ಮನೆಗೆ ಬಂದ. ಬಾಗಿಲಲ್ಲೇ ನನ್ನ ಕೈ ಹಿಡಿದವನು ಬಿಡಲೇ ಇಲ್ಲ. ಏನು ಮುಚ್ಚಿಡುತ್ತಿದ್ದೀರಿ ಅಂತ ಗದರಿಸಿದೆ. ಅವನು ಅಕ್ಕನ ಮುಖ ನೋಡಿದ.

ಶೈಲಾ ಬಾಯಿಬಿಟ್ಟಳು. "ಅಪ್ಪ ಶ್ರೀಶೈಲಕ್ಕ ನಡಕೊಂತ ಹೊಂಟಾಗ ಮನಿಮನಿಗೆ ಹೋಗಿ, ಉಪಕಾರ ಆತು, ತಪ್ಪು ಹೊಟ್ಟ್ಯಾಗ ಹಾಕ್ಕೋರಿ ಅಂತ ಇದಾ ಮಾತು ಅಂದಿದ್ರು. ಪಾದಯಾತ್ರೆಗೆ ಹೋಗೋರೆಲ್ಲ ಅಂತಾರ. ಉಳಿದೋರು ತಿರುಗಿ ಬಂದ್ರು. ಅಪ್ಪ ಬರಲಿಲ್ಲ. ನೋಡಿದ್ರ ಉಂಗುರ, ವಾಚು ಎಲ್ಲಾ ದೇವರ ಜಗಲಿ ಮ್ಯಾಲೆ ಇಟ್ಟು ಹೋಗಿದ್ರು. ತಿರುಗಿ ಬರೂ ವಿಚಾರಾನ ಇರಲಿಲ್ಲ ಅವರಿಗೆ."

ದಾರಿಯಲ್ಲಿ ತೀರಿಕೊಂಡರು ಅಂತಷ್ಟೇ ನನಗೆ ಹೇಳಿದ್ದರು. ಮಾವ ಬೇಕೆಂದೇ ಬಿಟ್ಟು ಹೋದದ್ದು ಇಷ್ಟು ವರ್ಷ ಗೊತ್ತೇ ಇಲ್ಲ.

"ನಿಮಗೂ ನಿದ್ದಿಲ್ಲ, ಮಾತಿಲ್ಲ. ಅದರ ಮ್ಯಾಲೆ ಈ ಮಾತು. ನಾ ಏನಂತ ತಿಳ್ಕೊಳ್ಲಿ?"

ಡಾಕ್ಟರಮ್ಮನ ಔಷಧಿಯ ಕಥೆ ಹೇಳಿದೆ. ಚನ್ನು ನಕ್ಕ. ಅವಳು ನಗಲಿಲ್ಲ.

"ಎಲ್ಲಾ ಬಿಟ್ಟು ಹೋಗಬೇಕು ಅಂತ ನಿಮಗ ಒಮ್ಮೆನೂ ಅನಿಸಿಲ್ಲೇನು?"

ಜುಲೈ 21

ಇಲ್ಲ ಅಂದಿದ್ದೆ. ಆದರೆ ತಡವಾಗಿ ಅಂದೆ. ಅವಳಿಗೆ ಅದು ಗೊತ್ತಾಯಿತು. ಯಾಕೆ ತಡವಾಯಿತು? ಅವಳು ಕೇಳುವ ತನಕ ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ. ಅನಿಸಿತ್ತಾ? ಅನಿಸಿದ್ದಕ್ಕೇ ನಿದ್ದೆ ಕೆಟ್ಟಿತಾ? ತಲೆಬುಡ ತಿಳಿಯುತ್ತಿಲ್ಲ.

ಚನ್ನು ಊರಿಗೆ ಹೋದ. ಅಡುಗೆಮನೆಯಿಂದ ಆಗಾಗ "ರೀ" ಅನ್ನುತ್ತಾಳೆ. ಏನು ಅಂದರೆ ಏನಿಲ್ಲ ಅನ್ನುತ್ತಾಳೆ. ಮನೆಯಲ್ಲಿದ್ದೇನೋ ಇಲ್ಲವೋ ನೋಡುತ್ತಾಳೆ ಅಷ್ಟೇ. ಪಾಪ.

ಹೋಗಿ ಹೇಳಿಬಿಡಬೇಕು. ಉಪಕಾರ ಗಿಪಕಾರ ಅಲ್ಲ, ಇದ್ದದ್ದನ್ನು. ಎಲ್ಲಿಂದ ಶುರು ಮಾಡಲಿ...

ಮತ್ತೆ ಕರೆದಳು. ಈ ಸಲ ಏನು ಅಂತ ಕೇಳುವುದಿಲ್ಲ, ಎದ್ದು ಹೋಗಿ ಪಕ್ಕದಲ್ಲಿ ಕೂತು, ಶೈಲಾ, ನಿನ್ನೆ ನೀನು ಕೇಳಿದೆಯಲ್ಲ —