ಹುಳಿಗೆ ಬಿಚ್ಚಿಕೊಂಡ ಬುತ್ತಿ

ಗದಗ
ಫೆಬ್ರವರಿ ೩೦, ೨೨೧೮

ಏಳು ತಲೆಮಾರಿನ ಹಿಂದಿನ ಶಾಂಭವಿ ಅಜ್ಜಿಯವರಿಗೆ ಕಾಶವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದ ಅಂಚೆ ಹಿಂದಿನ ಕಾಲಕ್ಕೂ ಕಾಗದ ಮುಟ್ಟಿಸುತ್ತದೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳು ಊರಿಗೆಲ್ಲ ರಜೆ. ನನ್ನ ಮಾತೂ ಅಲ್ಲಲ್ಲಿ ವಿಚಿತ್ರ ಎನಿಸಬಹುದು, ಕ್ಷಮಿಸಿ. ನನಗೀಗ ಅರವತ್ತೆರಡು, ನಿಮಗೆ ಇಪ್ಪತ್ತಾರು. ಆದರೂ ಅಜ್ಜಿ ಎಂದೇ ಕರೆಯುತ್ತೇನೆ. ಬೇಸರವಾದರೆ ಸಹಿಸಿಕೊಳ್ಳಿ, ಹಿರಿಯರಲ್ಲವೇ ನೀವು.

ನೀವು ಪ್ರಯೋಗಾಲಯದಲ್ಲಿ ಮಾಡುತ್ತಿರುವ ಪಾಲಿಮರ್ ಕಣಗಳನ್ನು ನಾವು ಕಣಬುತ್ತಿ ಎನ್ನುತ್ತೇವೆ. ಕೂದಲೆಳೆಗಿಂತ ನೂರಾರು ಪಾಲು ಸಣ್ಣ ಬುತ್ತಿ. ಒಳಗೆ ಔಷಧ, ಮೇಲೆ ಯಾವ ಜೀವಕೋಶಕ್ಕೆ ಹೋಗಬೇಕೆಂಬ ಗುರುತು. ತಲುಪಿದ ಮೇಲೆ ಬುತ್ತಿಯ ಬಟ್ಟೆಯೂ ಕರಗಿ, ಮೊಸರಿನ ಹುಳಿಯಲ್ಲಿರುವ ಅದೇ ಆಮ್ಲವಾಗಿ ಮೈಯಲ್ಲಿ ಬೆರೆತುಹೋಗುತ್ತದೆ. ಸೋಮವಾರ ಬೆಳಿಗ್ಗೆ ಓಣಿಯ ದವಾಖಾನೆಯಲ್ಲಿ ಕಣಬುತ್ತಿ ಹಾಕಿಸಿಕೊಂಡವರು ಅಲ್ಲೇ ಕಟ್ಟೆಯ ಮೇಲೆ ಕೂತು ಚುರುಮುರಿ ತಿಂದು, ಪಕ್ಕದ ಮನೆಯವರ ಬಗ್ಗೆ ಮನಸಾರೆ ಹರಟಿ ಹೊರಡುತ್ತಾರೆ. ಹರಟೆಗೆ ಮಾತ್ರ ಇನ್ನೂ ಔಷಧ ಬಂದಿಲ್ಲ.

ನನ್ನ ಮೊಮ್ಮಗಳು ನಿಂಗವ್ವನಿಗೆ ಆರು ವರ್ಷ. ಹಳೆಯ ಹೆಸರುಗಳೇ ಈಗ ಭಾರಿ ಫ್ಯಾಷನ್. ಜೀವಕೋಶದೊಳಗೆ ಕಸ ಕರಗಿಸುವ ಹುಳಿಚೀಲಗಳಿರುತ್ತವೆ ಎಂಬುದು ನಿಮಗೆ ಗೊತ್ತೇ ಇದೆ. ಹುಟ್ಟಿನಿಂದಲೇ ಅವಳ ಚೀಲಗಳಲ್ಲಿ ಕರಗಿಸುವ ರಸವಿರಲಿಲ್ಲ. ಸ್ನಾಯುಗಳಲ್ಲಿ ಕಸ ಕೂಡಿಕೊಳ್ಳುತ್ತ ಬಂತು. ಹೋದ ವರ್ಷ ಮೆಟ್ಟಿಲು ಹತ್ತುವುದು ನಿಂತಿತು, ಆಮೇಲೆ ಉಸಿರೂ ಭಾರವಾಯಿತು. ನಾನು ಹೆದರಿಹೋದೆ. ಆ ರಸ ಹೊತ್ತ ಬುತ್ತಿ ದಾರಿಯುದ್ದಕ್ಕೂ ಗಟ್ಟಿಯಾಗಿದ್ದು, ಹುಳಿಚೀಲದೊಳಗೆ ಮಾತ್ರ ಬಿಚ್ಚಿಕೊಳ್ಳಬೇಕು. ಅಂಥ ಬಟ್ಟೆ ಮಾಡುವುದನ್ನು ಜನ ಕಲಿತದ್ದು ನಿಮ್ಮ ನೋಟ್‌ಬುಕ್ಕಿನ ಅರವತ್ತೊಂದನೇ ಪುಟದಿಂದ.

ಆ ಪುಟ ಈಗ ನಮ್ಮ ದೇವರ ಮನೆಯಲ್ಲಿದೆ. ಮನೆಯ ಮಗುವಿಗೆ ಔಷಧ ಹಾಕಿಸುವ ಮುನ್ನ ಅದರ ಕೈಯಲ್ಲೇ ಪುಟವನ್ನು ಗಟ್ಟಿಯಾಗಿ ಓದಿಸುವುದು ನಮ್ಮ ಪದ್ಧತಿ. ಬರೆದಿರುವುದು ಇಷ್ಟೇ: "ಆತುರದಲ್ಲಿ ಬೇರೆ ಬಾಟಲಿಯ ಹುಳಿ ದ್ರಾವಣ ಸುರಿದೆ. ಕಣಗಳೆಲ್ಲ ಒಡೆದವು. ಮೂರು ತಿಂಗಳ ಕೆಲಸ ನೀರುಪಾಲು. ತಪ್ಪು ನನ್ನದೇ."

ನಿಂಗವ್ವ ಓದಿ ಮುಗಿಸಿ ನಕ್ಕಳು. "ಆಯಿ, ಈ ಅಜ್ಜಿನೂ ನನ್ನಂಗ ಗಡಿಬಿಡಿ ಮಾಡ್ತಿದ್ಲೇನ?"

"ಹೂಂ ಮತ್ತ, ನಿನಗ ಎಲ್ಲಿಂದ ಬಂತು ಅನ್ಕೊಂಡಿ?" ಎಂದೆ.

ಬುತ್ತಿ ಹಾಕಿಸಿ ಕೆಲವು ತಿಂಗಳಾದವು. ನಿನ್ನೆ ಅವಳು ಮಾಳಿಗೆಯ ಹದಿನಾಲ್ಕು ಮೆಟ್ಟಿಲನ್ನೂ ಹತ್ತಿ, ಮೇಲಿನಿಂದ ನನ್ನ ತಲೆಗೆ ಶೇಂಗಾ ಸಿಪ್ಪೆ ಎಸೆದಳು. ಬೈಯುವುದು ಮರೆತು ಖುಷಿಗೆ ಅತ್ತುಬಿಟ್ಟೆ.

ಪುಟದ ಮೇಲಿನ ತಾರೀಖಿನ ಪ್ರಕಾರ ನೀವು ಬಾಟಲಿ ಅದಲುಬದಲು ಮಾಡಿದ್ದು ಈ ಕಾಗದ ನಿಮ್ಮ ಕೈ ಸೇರುವ ದಿನವೇ, ಬೆಳಿಗ್ಗೆ. ಮಾರ್ಗದರ್ಶಕರು ನೋಡಿದರೆ ಬೈದಾರೆಂದು ಪುಟವನ್ನು ಎರಡು ತುಂಡಾಗಿ ಹರಿದಿದ್ದೀರಿ. ನಡುವೆ ಆ ಗೆರೆ ಈಗಲೂ ಕಾಣುತ್ತದೆ. ಆಮೇಲೆ ಅನ್ನದಿಂದ ಅಂಟಿಸಿದ್ದೀರಿ. ಒಂದು ಅಗುಳು ಅಲ್ಲೇ ಒಣಗಿ ಕೂತಿದೆ. ಹರಿದವರು ಮತ್ತೆ ಯಾಕೆ ಅಂಟಿಸಿದಿರಿ, ಯಾರು ಹೇಳಿದರು ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿಲ್ಲ. ಒಂದು ವೇಳೆ ಹೇಳಿದವಳು ನಾನೇ ಆಗಿದ್ದರೆ ಎಂದು ಈ ಕಾಗದ ಬರೆಯುತ್ತಿದ್ದೇನೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಡಬ್ಬಿಯಲ್ಲಿ ನಾಲ್ಕು ಅಗುಳು ಉಳಿಸಿಕೊಳ್ಳಿ, ಅಜ್ಜಿ.