ಮುಂಬಾಗಿಲಲ್ಲಿ ಹೇಳಿದ ಹೆಸರು

ಮಿನೆಸೋಟ
ಮಾರ್ಚ್ ೧೮

ಮಗಳೇ ಜೋಲೀನ್,

ನಾನು ಚೆನ್ನಾಗಿದ್ದೇನೆ. ನೀನೂ ಮಕ್ಕಳೂ ಹಾಗೇ ಇದ್ದೀರೆಂದುಕೊಳ್ಳುತ್ತೇನೆ. ಉತ್ತರ ತಡವಾದದ್ದಕ್ಕೆ ಬೈಯಬೇಡ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನೀನು ‘ಅಪ್ಪಾ...’ ಎಂದು ಒಂದು ಉಸಿರು ಬಿಟ್ಟರೆ ಸಾಕು, ನಾನು ಎಲ್ಲಕ್ಕೂ ಹೂಂ ಎಂದುಬಿಡುತ್ತೇನೆ. ನಿನ್ನೂರಿನ ಆ ದೊಡ್ಡ ವೃದ್ಧಾಶ್ರಮದ ಚಿತ್ರಗಳನ್ನು ನೋಡಿದೆ. ಈಜುಕೊಳವಿದೆ, ಹಗಲೂ ರಾತ್ರಿ ಡಾಕ್ಟರು ಇರುತ್ತಾರೆ, ನಿನ್ನ ಮನೆಗೂ ಹತ್ತಿರ. ಈ ತಿಂಗಳೊಳಗೆ ಒಪ್ಪಿಗೆ ಹೇಳದಿದ್ದರೆ ಕೋಣೆ ಬೇರೆಯವರ ಪಾಲಾಗುತ್ತದೆ ಎಂದು ಬರೆದಿದ್ದೀಯೆ. ಅದಕ್ಕೇ ಇವತ್ತು ಪೆನ್ನು ಹಿಡಿದು ಕೂತಿದ್ದೇನೆ.

ನಾನು ಕಾಲೇಜಿನಲ್ಲಿ ಒಂದು ವರ್ಷ ಇಂಗ್ಲಿಷ್ ಓದಿದೆನಲ್ಲ, ಆಮೇಲೆ ಅಪ್ಪನ ಹಸುಗಳು ಕರೆದವು, ಹೋದೆ. ನಮ್ಮ ಮೇಷ್ಟ್ರು ಹೇಳುತ್ತಿದ್ದರು, ಮುಖ್ಯವಾದ ಮಾತನ್ನು ಮೊದಲು ಬರೆಯಬೇಕು ಎಂದು. ಅಥವಾ ಕೊನೆಗೆ ಎಂದರೋ. ಎರಡರಲ್ಲಿ ಒಂದಂತೂ ಹೇಳಿದ್ದರು.

ಸುದ್ದಿ ಎಂದರೆ, ಪಕ್ಕದ ಕೋಣೆಯ ಡೆಲ್ಬರ್ಟ್ ತೀರಿಕೊಂಡ. ನಾವಿಬ್ಬರೂ ಜಗಳವಾಡದ ವಿಷಯವೇ ಇರಲಿಲ್ಲ. ಊಟದ ಮನೆಯ ಕಿಟಕಿ ಅವನಿಗೆ ತೆರೆದಿರಬೇಕು, ನನಗೆ ಮುಚ್ಚಿರಬೇಕು. ಇಸ್ಪೀಟಿನಲ್ಲಿ ಸೋತರೆ ಊಟದ ಮೇಜಿನ ಮುಂದೆ ಎಲ್ಲರೆದುರು ನನ್ನ ಕಡೆ ಬೆರಳು ತೋರಿಸಿ, “ಈ ಹಾರ್ಲನ್ ಹಾಲು ಕರೆದು ಬದುಕಿದೋನಲ್ರೋ, ಹಸುಗಳಿಗೇ ಟೋಪಿ ಹಾಕಿ ಬದುಕಿದೋನು!” ಎನ್ನುತ್ತಿದ್ದ. ಈ ಪುಟ್ಟ ವೃದ್ಧಾಶ್ರಮದಲ್ಲಿ ಹತ್ತೇ ಜನ, ಒಂದೇ ಮೇಜು. ಒಬ್ಬರ ಬೈಗುಳ ಇನ್ನೊಬ್ಬರ ತಟ್ಟೆಗೆ ಬೀಳದೆ ಇರುವುದಿಲ್ಲ. ತೊಂಬತ್ತು ದಾಟಿದ ವರ್ನಾ ಗಾಲಿಕುರ್ಚಿಯಲ್ಲಿ ಕೂತೇ ಅಡುಗೆಮನೆ ಆಳುತ್ತಾಳೆ. ಮೊನ್ನೆ ನಮ್ಮನ್ನು ನೋಡಿಕೊಳ್ಳುವ ಮಾರಿಸೆಲ್ ಆಲೂಗೆಡ್ಡೆ ರೊಟ್ಟಿ ಲಟ್ಟಿಸುತ್ತಿದ್ದಳು.

“ಏನೇ ಅದು, ರೊಟ್ಟಿನೋ ಕುದುರೆ ಜೀನೋ? ಇನ್ನೂ ತೆಳ್ಳಗೆ ಲಟ್ಟಿಸು!”

“ತೆಳ್ಳಗಾದ್ರೆ ಹರಿದುಹೋಗುತ್ತೆ ಅಜ್ಜಿ, ನಿಮ್ಮ ತಾಳ್ಮೆ ಥರ.”

ಎಲ್ಲಿದ್ದೆ? ಡೆಲ್ಬರ್ಟ್. ಈ ಮನೆಯಲ್ಲಿ ತೀರಿಕೊಂಡ ಯಾರನ್ನೂ ಹಿಂಬಾಗಿಲಿನಿಂದ ಕಳಿಸುವುದಿಲ್ಲ. ಒಲೆ ಆರಿಸಿ ಎಲ್ಲರೂ ಹಜಾರಕ್ಕೆ ಬರುತ್ತೇವೆ. ನಾವೇ ಹೊಲಿದ ಕೌದಿಯನ್ನು ಹೊದಿಸಿ ಗಾಲಿಮಂಚವನ್ನು ನಿಧಾನಕ್ಕೆ ತರುತ್ತಾರೆ. ಒಬ್ಬೊಬ್ಬರೂ ಕೌದಿ ಮುಟ್ಟಿ, ಹೆಸರು ಹಿಡಿದು, ಹೋಗಿ ಬಾ ಎನ್ನಬೇಕು. ಎಲ್ಲರಿಗಿಂತ ಹಿರಿಯರು ಕೊನೆಗೆ ಹೇಳಿ ಮುಂಬಾಗಿಲು ತೆರೆಯಬೇಕು.

ಮಂಗಳವಾರ ಬೆಳಿಗ್ಗೆ ನನ್ನ ಸರದಿ ಬಂದಾಗ ಒಂದು ತಪ್ಪು ಮಾಡಿದೆ. ಅದು ಆಮೇಲೆ. ವರ್ನಾ ಬಾಗಿಲು ತೆರೆದಳು. ಹೊರಗೆಲ್ಲ ಹಿಮ. ನಾನು ಮಂಚದ ಕಂಬಿ ಹಿಡಿದವನು ಬಿಡದೆ, ಮನೆಯ ಚಪ್ಪಲಿಯಲ್ಲೇ ಹೆಣದ ಗಾಡಿಯವರೆಗೂ ಹೋದೆ. ಗಾಡಿಯವನು ಪಾಪ, ಟೋಪಿ ತೆಗೆದು ಕಾದ.

“ಬದುಕಿದ್ದಾಗ ಅವನ ಮುಖ ಕಂಡ್ರೆ ಆಗ್ತಿರ್ಲಿಲ್ಲ, ಈಗ ಜೊತೆಗೇ ಹೊರಟ್ಯಾ?” ವರ್ನಾ ಬಾಗಿಲಿಂದಲೇ ಕೂಗಿದಳು. “ಕಾಲು ನೆನೀತಿದೆ, ಬಾರೋ ಒಳಗೆ!”

ಒಳಗೆ ಬಂದರೆ ಅವಳ ಗಲ್ಲ ಒದ್ದೆ. ಕಾಫಿ ಕುಡಿದೆವು. ಡೆಲ್ಬರ್ಟನ ಜಾಗದಲ್ಲೂ ಒಂದು ಕಪ್ಪು ಇಟ್ಟಿದ್ದರು. ನಾನೇ ಎದ್ದು ಕಿಟಕಿ ತೆರೆದೆ. ಚಳಿಗೆ ಎಲ್ಲರೂ ನಡುಗಿದರು, ಮುಚ್ಚು ಎಂದು ಯಾರೂ ಹೇಳಲಿಲ್ಲ.

ಮಕ್ಕಳಿಗೆ ನನ್ನ ಮುತ್ತು. ಚಿಕ್ಕವನ ಕೆಮ್ಮು ಬಿಟ್ಟಿತೆ? ದೇವರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ
ಅಪ್ಪ

ತಾ.ಕ.: ಆ ತಪ್ಪು ಏನೆಂದು ಬರೆಯಲೇ ಇಲ್ಲ. ನಿನ್ನಮ್ಮ ಹೋದಾಗ ನೀನು ಮಾರನೇ ದಿನ ಬಂದೆ, ನಿನಗಿದು ಗೊತ್ತಿಲ್ಲ. ಅವಳಿದ್ದದ್ದೂ ನೀನು ಹೇಳುವಂಥ ಒಂದು ದೊಡ್ಡ ಜಾಗವೇ. ಸಂಜೆ, “ನೀವು ಸ್ವಲ್ಪ ಊಟ ಮಾಡಿ ಬನ್ನಿ, ನಾವಿದೀವಲ್ಲ” ಎಂದು ನನ್ನನ್ನು ಕೆಳಗೆ ಕಳಿಸಿದರು. ಸೂಪು ಕುಡಿದು ಮೇಲೆ ಬಂದರೆ ಹಾಸಿಗೆಯ ಮೇಲೆ ಹೊಸ ಚಾದರ. “ಅವರನ್ನ ಆಗ್ಲೇ ಹಿಂದ್ಗಡೆಯಿಂದ ಕಳಿಸಿದ್ವಿ. ಬೇರೆಯವರು ನೋಡಿ ಗಾಬರಿಯಾಗ್ಬಾರ್ದಲ್ಲ” ಎಂದಳು ಅಲ್ಲಿದ್ದ ಹುಡುಗಿ. ಮೆತ್ತಗೇ ಹೇಳಿದಳು. ಒಂದು ಆಯುಷ್ಯ ನನ್ನ ಜೊತೆ ಬಾಳಿದವಳನ್ನು ಬಾಗಿಲವರೆಗೆ ಕಳಿಸಿಕೊಡಲಾಗಲಿಲ್ಲ, ಜೋಲೀನ್.

ಮಂಗಳವಾರ ಕೌದಿ ಮುಟ್ಟಿದಾಗ ನನ್ನ ಬಾಯಿಂದ ಬಂದದ್ದು, “ಹೋಗಿ ಬಾ, ಆರ್ಡಿಸ್.”

ಯಾರೂ ತಿದ್ದಲಿಲ್ಲ. ನನ್ನ ನಂತರ ಮಾರಿಸೆಲ್. ನಿನ್ನಮ್ಮನನ್ನು ಅವಳು ಕಂಡವಳೇ ಅಲ್ಲ. ಕೌದಿಯ ಮೇಲೆ ಕೈಯಿಟ್ಟು, “ಹೋಗಿ ಬನ್ನಿ, ಆರ್ಡಿಸ್” ಎಂದಳು. ಕೊನೆಗೆ ವರ್ನಾ, ಬಾಗಿಲ ಹಿಡಿಯ ಮೇಲೆ ಕೈಯಿಟ್ಟುಕೊಂಡು, “ಹೋಗಿ ಬಾ, ಆರ್ಡಿಸ್” ಎಂದಳು. “ಡೆಲ್ಬರ್ಟಾ, ನೀನೂ ಹೋಗಿ ಬಾ ಕಣೋ. ಅವಳಿಗೆ ದಾರಿ ತೋರಿಸು.”

ಆ ಕೋಣೆಯನ್ನು ಬೇರೆಯವರಿಗೆ ಕೊಡಲು ಹೇಳು, ಮಗಳೇ. ನಾನು ಹೊರಡುವ ದಿನ ಈ ಬಾಗಿಲಿಗೆ ನೀನೂ ಬಾ. ಹಿಮ ಬಿದ್ದಿದ್ದರೆ ಬೂಟು ಹಾಕಿಕೊಂಡು ಬಾ.