ಹೊತ್ತು ಮುಳುಗುವ ಮುಂಚೆ ಊಟ ಮಾಡಮ್ಮ

ಅಮ್ಮಾ,

ನಿನ್ನೆ ನನಗಾಗಿ ಕಾಯುತ್ತಾ ಕೂತು, ಹೊತ್ತು ಮುಳುಗಿತೆಂದು ನೀನು ಊಟವನ್ನೇ ಬಿಟ್ಟೆ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಒಡಿಶಾದ ಆ ಹೆಂಗಸರು ಹಾಸನದ ಗಾರ್ಮೆಂಟ್ಸ್ ಕೆಲಸ ಮುಗಿಸಿ ಬರುವುದೇ ಸಂಜೆ ಆರಕ್ಕೆ. ನನ್ನ ಇಂಗ್ಲಿಷ್ ಕ್ಲಾಸಿಗೆ ಅವರು ಕೇಳಿದ ಸಂಜೆಯ ಹೊತ್ತನ್ನೇ ಒಪ್ಪಿಬಿಟ್ಟೆ. ನಾವು ಜೈನರು, ನಮ್ಮಲ್ಲಿ ಕತ್ತಲಾದ ಮೇಲೆ ಉಣ್ಣುವುದಿಲ್ಲ ಎಂದು ಹೇಳಲು ಸಂಕೋಚವಾಯಿತು.

ಬೆಳಿಗ್ಗೆ ಫೋನಿನಲ್ಲಿ ಅವರಲ್ಲೊಬ್ಬಳಾದ ಮಾಲತಿಗೆ ನಿನ್ನ ವಿಷಯ ಹೇಳಿದೆ.

"ಅಯ್ಯೋ ಟೀಚರ್, ಅಮ್ಮ ಉಪವಾಸ ಬೇಡ! ನಾವು ಭಾನುವಾರ ಬರ್ತೀವಿ" ಅಂದಳು.

ಬಟ್ಟೆ ಒಗೆಯಲು, ಊರಿನಲ್ಲಿರುವ ಮಕ್ಕಳ ಜೊತೆ ಮಾತಾಡಲು ಅವರಿಗಿರುವುದು ಅದೊಂದೇ ದಿನ. ನಾಳೆ ಹೇಳುತ್ತೇನೆ ಅಂದಿದ್ದೇನೆ.

ಪಲ್ಯ ಮುಚ್ಚಿಟ್ಟಿದ್ದೇನೆ, ಸಾರು ಬಿಸಿ ಮಾಡಿಕೋ. ನಾನು ಡಬ್ಬಿ ತಗೊಂಡಿದ್ದೇನೆ. ಹಾಸನದಲ್ಲಿ ಬಸ್ಸಿಳಿದ ಕೂಡಲೇ, ಬಿಸಿಲಿರುವಾಗಲೇ ತಿನ್ನುತ್ತೇನೆ, ನಿನ್ನಾಣೆ. "ನೀನಿಲ್ದೆ ತುತ್ತು ಇಳಿಯಕಿಲ್ಲ ಕಣೇ" ಅಂತ ಮಾತ್ರ ಅನ್ನಬೇಡ.

ನಾನು ಬರುವಷ್ಟರಲ್ಲಿ ನಿನ್ನ ತಟ್ಟೆ ತೊಳೆದು ಬೋರಲು ಹಾಕಿರಲಿ. ಅದನ್ನು ಕಂಡರೆ, ಸಂಜೆಯೇ ಬನ್ನಿ, ನಿಮ್ಮ ಭಾನುವಾರ ನಿಮಗೇ ಇರಲಿ ಅಂತ ಮಾಲತಿಗೆ ಹೇಳುವ ಧೈರ್ಯ ಬರುತ್ತದೆ.

ಸಮತಾ